ಡೈನೋಸಾರ್ ಹೆಸರು ಬದಲಾದರೆ ನಮಗೇನು? ಮೊದಲು ಮೂಳೆ ಯಾರದು ಅಂತ ಕೇಳಿ

2025ರ ಅಕ್ಟೋಬರ್ ಕೊನೆಯಲ್ಲಿ ನಮ್ಮ ಎಂಜಿನಿಯರಿಂಗ್ ಕಾಲೇಜಿನ ವಾಟ್ಸಾಪ್ ಗ್ರೂಪಿಗೆ ಒಂದು ಸುದ್ದಿ ಬಂತು. ಇಷ್ಟು ದಿನ ಹೆಚ್ಚಿನ ವಿಜ್ಞಾನಿಗಳು ಟಿ. ರೆಕ್ಸ್‌ನ ಮರಿ ಎಂದುಕೊಂಡಿದ್ದ ಡೈನೋಸಾರ್ ಮರಿಯೇ ಅಲ್ಲವಂತೆ, ಅದು ಬೇರೆಯದೇ ಪ್ರಾಣಿಯಂತೆ, ಹೆಸರು ನ್ಯಾನೋಟಿರಾನಸ್ ಅಂತೆ. ಒಬ್ಬ ಗೆಳೆಯ ತಕ್ಷಣ ಟೈಪ್ ಮಾಡಿದ: "ಆರು ಕೋಟಿ ವರ್ಷದ ಹಿಂದೆ ಸತ್ತಿರೋದಕ್ಕೆ ಈಗ ಹೆಸರು ಚೇಂಜ್ ಮಾಡಿ ಏನಾಗ್ಬೇಕೋ ಮಾರಾಯ?"

ನಾನೂ ನಗುವ ಇಮೋಜಿ ಹಾಕಿ ಸುಮ್ಮನಾದೆ. ಆಮೇಲೆ ಇದರ ಹಿನ್ನೆಲೆ ಓದುತ್ತ ಹೋದಾಗ ಗೊತ್ತಾಯಿತು, ಇದು ಹೆಸರಿನ ಜಗಳ ಎಷ್ಟೋ ಅಷ್ಟೇ ಆಸ್ತಿಯ ಜಗಳ ಕೂಡ. ಹಾಗಾಗಿ ಅವನಿಗೆ ಕೊಡಬೇಕಿದ್ದ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಅಂದರೆ ಒಂದು ವಾದ

ಪ್ರಭೇದಕ್ಕೆ ಹೆಸರಿಡೋದು ಮಗುವಿಗೆ ಹೆಸರಿಟ್ಟ ಹಾಗಲ್ಲ. "ಈ ಪ್ರಾಣಿ ಗೊತ್ತಿರುವ ಬೇರೆ ಯಾವುದಕ್ಕೂ ಸೇರಿದ್ದಲ್ಲ" ಎಂಬ ವಾದವನ್ನು ವಿಜ್ಞಾನಿ ಜಗತ್ತಿನ ಮುಂದಿಡುತ್ತಾನೆ. ಆ ಹೆಸರನ್ನು ಒಂದು ನಿರ್ದಿಷ್ಟ ಮಾದರಿಗೆ ಕಟ್ಟಿಹಾಕುತ್ತಾರೆ. ಅನುಮಾನ ಇದ್ದವರು ಹೋಗಿ ಅದೇ ಮೂಳೆಯನ್ನು ಮತ್ತೆ ಅಳೆದು ನೋಡಬಹುದು. ವಾದ ಬಿದ್ದರೆ ಹೆಸರೂ ಬಿತ್ತು.

ಟಿ. ರೆಕ್ಸ್ ಕಥೆಯೇ ಹೀಗಿದೆ. ನ್ಯೂಯಾರ್ಕ್‌ನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ಹೆನ್ರಿ ಓಸ್ಬರ್ನ್ 1905ರಲ್ಲಿ ಒಂದೇ ಲೇಖನದಲ್ಲಿ ಎರಡು ದೈತ್ಯರಿಗೆ ಹೆಸರಿಟ್ಟ: ಒಂದು ಟಿರಾನೊಸಾರಸ್ ರೆಕ್ಸ್, ಇನ್ನೊಂದು ಡೈನಮೋಸಾರಸ್ ಇಂಪೀರಿಯೋಸಸ್. ಮರುವರ್ಷವೇ ಅವೆರಡೂ ಒಂದೇ ಪ್ರಾಣಿ ಅಂತ ಅವನಿಗೇ ಗೊತ್ತಾಯಿತು. ಲೇಖನದಲ್ಲಿ ಮೊದಲು ಬಂದಿದ್ದ ಹೆಸರನ್ನು ಉಳಿಸಿಕೊಂಡ. ಇಲ್ಲದಿದ್ದರೆ ಇವತ್ತು ನಮ್ಮ ಟೀ ಶರ್ಟುಗಳ ಮೇಲೆ ಡೈನಮೋಸಾರಸ್ ಇರುತ್ತಿತ್ತು.

ಕ್ಲೋಸ್ ಆಗಿ ಮತ್ತೆ ತೆರೆದ ಟಿಕೆಟ್

ಈಗ ನ್ಯಾನೋಟಿರಾನಸ್‌ಗೆ ಬರೋಣ. 1942ರಲ್ಲಿ ಅಮೆರಿಕದ ಮೊಂಟಾನಾದಲ್ಲಿ ಒಂದು ಸಣ್ಣ ತಲೆಬುರುಡೆ ಸಿಕ್ಕಿತು. 1946ರಲ್ಲಿ ಅದನ್ನು ಗೋರ್ಗೊಸಾರಸ್ ಎಂಬ ಇನ್ನೊಂದು ಟಿರಾನೊಸಾರ್ ಜೊತೆ ಸೇರಿಸಿದರು. 1988ರಲ್ಲಿ ಮೂವರು ವಿಜ್ಞಾನಿಗಳು ಇದು ಬೇರೆಯೇ ಅಂತ ಹೇಳಿ ನ್ಯಾನೋಟಿರಾನಸ್ ಎಂದು ಕರೆದರು. 1999ರಲ್ಲಿ ಥಾಮಸ್ ಕಾರ್, ಅಲ್ಲ, ಇದು ಟಿ. ರೆಕ್ಸ್‌ನ ಮರಿ ಅಷ್ಟೇ ಅಂತ ವಾದಿಸಿದರು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ "ಡೂಪ್ಲಿಕೇಟ್" ಅಂತ ಬರೆದು ಟಿಕೆಟ್ ಕ್ಲೋಸ್ ಮಾಡಿದ ಹಾಗೆ. 2020ರಲ್ಲಿ ಇಂಥದ್ದೇ ಎರಡು ಪಳೆಯುಳಿಕೆಗಳ ಮೂಳೆಯನ್ನು ತೆಳ್ಳಗೆ ಕೊಯ್ದು ನೋಡಿದಾಗ ಅವು ಇನ್ನೂ ಬೆಳೆಯುತ್ತಿದ್ದ ಪ್ರಾಣಿಗಳು ಅಂತ ಕಂಡಿತು. ಮರಿ ಎನ್ನುವವರ ಪಕ್ಷ ಇನ್ನಷ್ಟು ಗಟ್ಟಿಯಾಯಿತು.

ಆದರೆ ಬೇರೆ ಪ್ರಭೇದದ ಮರಿಗಳೂ ಬೆಳೆಯುತ್ತಲೇ ಇರುತ್ತವಲ್ಲ? ಜಗಳ ಮುಗಿಯಬೇಕಾದರೆ ಪೂರ್ತಿ ಬೆಳೆದೂ ಸಣ್ಣದಾಗಿಯೇ ಉಳಿದ ಒಂದು ಪ್ರಾಣಿ ಬೇಕಿತ್ತು. ತಮಾಷೆ ಏನೆಂದರೆ ಅಂಥದ್ದು 2006ರಲ್ಲೇ ಸಿಕ್ಕಿತ್ತು.

ಪಳೆಯುಳಿಕೆ ಖನಿಜವೋ ಅಲ್ಲವೋ?

ಮೊಂಟಾನಾದ ಒಂದು ಖಾಸಗಿ ಜಮೀನಿನಲ್ಲಿ, ಪಳೆಯುಳಿಕೆ ಅಗೆದು ಮಾರುವವರಿಗೆ ಒಂದು ಟ್ರೈಸೆರಾಟಾಪ್ಸ್ ಮತ್ತು ಒಂದು ಸಣ್ಣ ಟಿರಾನೊಸಾರ್ ಅಕ್ಕಪಕ್ಕದಲ್ಲಿ ಸಿಕ್ಕವು. "ಡ್ಯುಯೆಲಿಂಗ್ ಡೈನೋಸಾರ್ಸ್", ಅಂದರೆ ಕಾದಾಡುವ ಜೋಡಿ, ಅಂತ ಹೆಸರಾಯಿತು. ಅಮೆರಿಕದಲ್ಲಿ ಫೆಡರಲ್ ಸರ್ಕಾರದ ನೆಲದಲ್ಲಿ ಸಿಕ್ಕ ಇಂಥ ಮೂಳೆಗಳು ಸಾರ್ವಜನಿಕ ಸ್ವತ್ತು. ಖಾಸಗಿ ನೆಲದಲ್ಲಿ ಸಿಕ್ಕರೆ ಮಾಲೀಕನ ಸ್ವತ್ತು. 2013ರಲ್ಲಿ ನ್ಯೂಯಾರ್ಕ್‌ನಲ್ಲಿ ಜೋಡಿಯನ್ನು ಹರಾಜಿಗಿಟ್ಟರು. ಬಿಡ್ ಕನಿಷ್ಠ ಬೆಲೆ ಮುಟ್ಟಲಿಲ್ಲ.

ಆಮೇಲೆ ಶುರುವಾಯಿತು ಕೋರ್ಟ್ ಕೇಸು. ಆ ಜಮೀನಿನ ಮೇಲ್ಮೈ ಒಬ್ಬರದು, ಕೆಳಗಿನ ಖನಿಜ ಹಕ್ಕಿನ ಬಹುಪಾಲು ಹಳೆಯ ಮಾಲೀಕರದು. ಡೈನೋಸಾರ್ ಮೂಳೆ ಖನಿಜವೋ ಅಲ್ಲವೋ? ಕೆಳ ನ್ಯಾಯಾಲಯ ಅಲ್ಲ ಅಂತು, 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಹೌದು ಅಂತು, 2020ರಲ್ಲಿ ಮೊಂಟಾನಾ ಸುಪ್ರೀಂ ಕೋರ್ಟ್ ಕೊನೆಗೆ ಅಲ್ಲ ಅಂತ ತೀರ್ಪು ಕೊಟ್ಟಿತು. ಇಲ್ಲೂ ನೋಡಿ, ಯಾವುದಕ್ಕೆ ಏನಂತ ಕರೀಬೇಕು ಎನ್ನುವುದೇ ಪ್ರಶ್ನೆ.

ಅದೇ ವರ್ಷ ನಾರ್ತ್ ಕ್ಯಾರೊಲಿನಾದ ನಿಸರ್ಗ ವಿಜ್ಞಾನ ಮ್ಯೂಸಿಯಂ ಆ ಜೋಡಿಯನ್ನು ಪಡೆದುಕೊಂಡಿತು. 2025ರಲ್ಲಿ ಲಿಂಡ್ಸೆ ಜಾನೋ ಮತ್ತು ಜೇಮ್ಸ್ ನಪೋಲಿ ನೇಚರ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಮರದಲ್ಲಿ ಇರುವಂಥ ಉಂಗುರಗಳು ಮೂಳೆಯಲ್ಲೂ ಇರುತ್ತವೆ. ಅವನ್ನು ಎಣಿಸಿದರೆ ಈ ಪ್ರಾಣಿಗೆ ಸುಮಾರು 20 ವರ್ಷ, ಬೆಳವಣಿಗೆ ಮುಗಿದಿತ್ತು. ತೂಕ ಮಾತ್ರ 700 ಕೆಜಿ ಆಸುಪಾಸು, ದೊಡ್ಡ ಟಿ. ರೆಕ್ಸ್‌ನ ಹತ್ತನೇ ಒಂದು ಭಾಗ. ಆದರೂ ಕೈ ಟಿ. ರೆಕ್ಸ್‌ಗಿಂತ ದೊಡ್ಡದು, ಹಲ್ಲು ಹೆಚ್ಚು, ಬಾಲದ ಮೂಳೆ ಕಡಿಮೆ. ಬೆಳೆಯುತ್ತ ಬೆಳೆಯುತ್ತ ಯಾವ ಪ್ರಾಣಿಯ ಕೈಯೂ ಚಿಕ್ಕದಾಗುವುದಿಲ್ಲ ತಾನೇ? ಟಿಕೆಟ್ ಮತ್ತೆ ತೆರೆಯಿತು.

ಪರಿಣಾಮ ಸಣ್ಣದಲ್ಲ. ಟಿ. ರೆಕ್ಸ್ ಹೇಗೆ ಬೆಳೆಯುತ್ತಿತ್ತು ಎಂಬ ಎಷ್ಟೋ ಅಧ್ಯಯನಗಳಲ್ಲಿ ಈ ಪ್ರಾಣಿಯ ಅಳತೆಗಳೂ ಸೇರಿಕೊಂಡಿವೆ. ಕ್ಷುದ್ರಗ್ರಹ ಬೀಳುವ ಮೊದಲೇ ಡೈನೋಸಾರ್‌ಗಳ ವೈವಿಧ್ಯ ಕುಗ್ಗಿತ್ತೇ ಎಂಬ ಚರ್ಚೆಗೂ ಇದು ಮುಖ್ಯ. ಇವೆಲ್ಲಕ್ಕೂ ಬೇಕಿದ್ದ ಸಾಕ್ಷಿ ಹದಿನಾಲ್ಕು ವರ್ಷ ಖಾಸಗಿ ಕೈಯಲ್ಲಿ ಸಿಕ್ಕಿಕೊಂಡಿತ್ತು.

ಮಂಗೋಲಿಯಾದ ಬೇರೆ ದಾರಿ

ಮಂಗೋಲಿಯಾದಲ್ಲಿ ಪಳೆಯುಳಿಕೆಗಳು ದೇಶದ ಸ್ವತ್ತು. ಅಲ್ಲಿ 1970ರ ದಶಕದಲ್ಲಿ ಸಿಕ್ಕ ಎರಡು ಅಪೂರ್ಣ ಅಸ್ಥಿಪಂಜರಗಳನ್ನು ಅಲೆಕ್ಟ್ರೊಸಾರಸ್ ಅಂತ ಗುರುತಿಸಿ ಇಟ್ಟಿದ್ದರು. ಸುಮಾರು ಐವತ್ತು ವರ್ಷದ ಮೇಲೆ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜೇರೆಡ್ ವೋರಿಸ್ ಎಂಬ ಪಿಎಚ್‌ಡಿ ವಿದ್ಯಾರ್ಥಿ ಹೋಗಿ ಅದೇ ಮೂಳೆಗಳನ್ನು ನೋಡಿದ. 2025ರ ಜೂನ್‌ನಲ್ಲಿ ಅವಕ್ಕೆ ಖಾನ್‌ಖೂಲು ಎಂಬ ಹೊಸ ಹೆಸರು ಬಂತು, ಡ್ರ್ಯಾಗನ್ ರಾಜಕುಮಾರ ಅಂತ ಅರ್ಥ. 8.6 ಕೋಟಿ ವರ್ಷ ಹಳೆಯದು, ದೈತ್ಯ ಟಿರಾನೊಸಾರ್‌ಗಳ ಪೂರ್ವಜರಿಗೆ ತೀರಾ ಹತ್ತಿರದ ಸಂಬಂಧಿ. ಮೊದಲು ಗುರುತಿಸಿದವರು ತಪ್ಪಿದ್ದರು, ಪರವಾಗಿಲ್ಲ. ಮೂಳೆ ಸಾರ್ವಜನಿಕ ಸಂಗ್ರಹದಲ್ಲಿತ್ತು, ತಪ್ಪು ತಿದ್ದಲು ಸಾಧ್ಯವಾಯಿತು.

ಹೆಸರು ಕಳ್ಳರನ್ನೂ ಹಿಡಿದುಕೊಟ್ಟಿದೆ. 2012ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ ಒಂದು ಟಾರ್ಬೊಸಾರಸ್ ಅಸ್ಥಿಪಂಜರ ಹತ್ತು ಲಕ್ಷ ಡಾಲರ್‌ಗೂ ಹೆಚ್ಚಿಗೆ ಕೂಗಲ್ಪಟ್ಟಿತು. ಮಂಗೋಲಿಯಾ ಆಕ್ಷೇಪಿಸಿತು. ಇದು ಗೋಬಿ ಮರುಭೂಮಿಯದ್ದೇ ಅಂತ ತಜ್ಞರು ಮೂಳೆ ನೋಡಿ ಹೇಳಿದರು. ಪ್ರಭೇದದ ಗುರುತೇ ವಿಳಾಸದ ಪುರಾವೆಯಾಯಿತು. 2013ರಲ್ಲಿ ಅಮೆರಿಕ ಅದನ್ನು ವಾಪಸ್ ಕೊಟ್ಟಿತು.

ಇನ್ನೊಂದು ಪಕ್ಷದ ಮಾತು

ಮಾರುವವರದ್ದೂ ಒಂದು ವಾದ ಇದೆ: ನಾವು ಅಗೆಯದಿದ್ದರೆ ಮಳೆ ಗಾಳಿಗೆ ಸಿಕ್ಕಿ ಮೂಳೆ ಪುಡಿಯಾಗುತ್ತೆ. ಇದು ಸುಳ್ಳಲ್ಲ. ನ್ಯಾನೋಟಿರಾನಸ್ ಜಗಳಕ್ಕೆ ತಿರುವು ಕೊಟ್ಟ ಮೂಳೆಯನ್ನು ಹುಡುಕಿದವರೂ ಅವರೇ. ಆದರೆ 2020ರಲ್ಲಿ "ಸ್ಟ್ಯಾನ್" ಎಂಬ ಟಿ. ರೆಕ್ಸ್ 3.18 ಕೋಟಿ ಡಾಲರ್‌ಗೆ ಹರಾಜಾಯಿತು. ಆ ಬೆಲೆಗೆ ಪೈಪೋಟಿ ಕೊಡೋ ಸಾಮಾನ್ಯ ಮ್ಯೂಸಿಯಂ ಯಾವುದಿದೆ? ಅದೇ ಥಾಮಸ್ ಕಾರ್ 2025ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ವೈಜ್ಞಾನಿಕ ಮಹತ್ವದ ಟಿ. ರೆಕ್ಸ್ ಪಳೆಯುಳಿಕೆಗಳಲ್ಲಿ 61 ಸಾರ್ವಜನಿಕ ಸಂಸ್ಥೆಗಳಲ್ಲಿವೆ, 71 ಖಾಸಗಿಯವರ ಬಳಿ ಇವೆ.

ಶ್ರೀಮಂತರ ಹಜಾರದಲ್ಲಿರುವ ಮೂಳೆ ನಾಶವಾಗಿಲ್ಲ, ನಿಜ. ಆದರೆ ನಾಳೆ ಅದು ಇರುತ್ತೋ, ಒಳಗೆ ಬಿಡುತ್ತಾರೋ ಯಾರಿಗೆ ಗೊತ್ತು? ಮತ್ತೆ ಪರೀಕ್ಷಿಸಲಾಗದ ಸಾಕ್ಷಿಯ ಮೇಲೆ ಬಹಳಷ್ಟು ವಿಜ್ಞಾನಿಗಳು ಬರೆಯುವುದೇ ಇಲ್ಲ.

ಹೀಗಾಗಿ ಗೆಳೆಯನಿಗೆ ನನ್ನ ಉತ್ತರ: ಹೆಸರು ಬದಲಾಗಿದ್ದು ವಿಜ್ಞಾನಿಗಳ ಗೊಂದಲ ಅಲ್ಲ ಮಾರಾಯ. ಮೊದಲು ಹೇಳಿದ್ದನ್ನು ಸರಿಯಾ ಅಂತ ನೋಡೋಕೆ ಯಾರೋ ಮತ್ತೆ ಕಪಾಟು ತೆರೆದರು. ಆ ಕಪಾಟಿನ ಬೀಗದ ಕೈ ಯಾರ ಹತ್ತಿರ ಇದೆ ಅನ್ನೋದಷ್ಟೇ ನಾವು ಕೇಳಬೇಕಾದ ಪ್ರಶ್ನೆ.