ಯುಎಸ್‌ಬಿಎಎಸ್‌ಪಿ

ಯುಎಸ್‌ಬಿಎಎಸ್‌ಪಿ ಎಂಬುದು ಎವಿಆರ್ ವರ್ಗದ ಮೈಕ್ರೋಕಂಟ್ರೋಲರ್‌ಗಳಿಗೆ ಗಣಕದಿಂದ ಪ್ರೋಗ್ರಾಮನ್ನು ತುಂಬುವ, ಮನೆಯಲ್ಲಿಯೇ ತಯಾರಿಸಬಹುದಾದ ಅಗ್ಗದ ಪ್ರೋಗ್ರಾಮರ್ ಫಲಕ. ಥಾಮಸ್ ಫಿಶ್ಲ್ ವಿನ್ಯಾಸಗೊಳಿಸಿದ ಇದರ ನಕ್ಷೆ ಹಾಗೂ ತಂತ್ರಾಂಶ ಎಲ್ಲರಿಗೂ ಮುಕ್ತವಾಗಿವೆ.

ರಚನೆ

ಎಟಿಮೆಗಾ 8 ಚಿಪ್, 12 ಮೆಗಾಹರ್ಟ್ಸ್ ಸ್ಫಟಿಕ, ಕೆಲವು ರೋಧಕ ಮತ್ತು ಧಾರಕಗಳು ಇದರ ಮುಖ್ಯ ಭಾಗಗಳು. ಯುಎಸ್‌ಬಿ ಸಂವಹನವನ್ನು ತಂತ್ರಾಂಶವೇ ನಿರ್ವಹಿಸುವುದರಿಂದ ಪ್ರತ್ಯೇಕ ಯುಎಸ್‌ಬಿ ಚಿಪ್ ಬೇಕಿಲ್ಲ. ವೆಚ್ಚ ತಗ್ಗಲು ಇದೇ ಕಾರಣ. ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಹೆಸರಾಗಿದೆ, ಗಡಿಭಾಗದ ಗುರುಮಠಕಲ್‌ಗೆ ಹೈದರಾಬಾದಿನ ಕೋಠಿ ಮಾರುಕಟ್ಟೆ ಹೆಚ್ಚು ಸಮೀಪ.

ಮೊದಲ ತೊಡಕು

ಹೊಸ ಚಿಪ್ ಖಾಲಿಯಾಗಿರುತ್ತದೆ. ಪ್ರೋಗ್ರಾಮರ್ ಆಗಬೇಕಾದ ಚಿಪ್‌ಗೇ ಮೊದಲು ಇನ್ನೊಂದು ಪ್ರೋಗ್ರಾಮರ್ ಬೇಕು. ಆರ್ಡುಯಿನೊ ಊನೊ ಫಲಕಕ್ಕೆ 'ಆರ್ಡುಯಿನೊ ಐಎಸ್‌ಪಿ' ಪ್ರೋಗ್ರಾಮನ್ನು ಹಾಕಿ ಈ ಕೊರತೆಯನ್ನು ನೀಗಿಸಬಹುದು. ಹೊಸ ಎಟಿಮೆಗಾ 8 ತನ್ನೊಳಗಿನ 1 ಮೆಗಾಹರ್ಟ್ಸ್ ಗಡಿಯಾರದಲ್ಲಿ ನಡೆಯುತ್ತದೆ. ಫ್ಯೂಸ್ ಬಿಟ್‌ಗಳ ಮೂಲಕ ಅದನ್ನು ಹೊರಗಿನ ಸ್ಫಟಿಕಕ್ಕೆ ಬದಲಿಸದಿದ್ದರೆ ಗಣಕವು ಫಲಕವನ್ನು ಗುರುತಿಸದು.

ಎಚ್ಚರಿಕೆ ಮತ್ತು ಮಿತಿ

ರೀಸೆಟ್ ಕಾಲನ್ನು ನಿಷ್ಕ್ರಿಯಗೊಳಿಸುವ ಫ್ಯೂಸನ್ನು ತಪ್ಪಿ ಬರೆದರೆ ಚಿಪ್ ಈ ವಿಧಾನಕ್ಕೆ ಮತ್ತೆ ಸ್ಪಂದಿಸದು. ಅದನ್ನು ಸರಿಪಡಿಸಲು 12 ವೋಲ್ಟ್ ಬಳಸುವ ಬೇರೆ ಪ್ರೋಗ್ರಾಮರ್ ಬೇಕು. ಯುಎಸ್‌ಬಿಎಎಸ್‌ಪಿ ಪ್ರೋಗ್ರಾಮನ್ನು ತುಂಬುತ್ತದೆಯೇ ಹೊರತು, ಅದನ್ನು ಹಂತಹಂತವಾಗಿ ನಿಲ್ಲಿಸಿ ಪರಿಶೀಲಿಸುವ ಡಿಬಗರ್ ಅಲ್ಲ.