ಹಣ್ಣು ನೋಡಿ ಗಿಡ ಕೊಳ್ಳಬೇಡಿ

ಮುಂಗಾರು ಶುರುವಾದ ಕೂಡಲೇ ನರ್ಸರಿಗಳ ಮುಂದೆ ಗಾಡಿಗಳು ಸಾಲುಗಟ್ಟುತ್ತವೆ. ಹೊಸದಾಗಿ ಮನೆ ಕಟ್ಟಿಸಿದವರು, ಕಾಂಪೌಂಡಿನ ಮೂಲೆಯಲ್ಲಿ ಒಂದಿಷ್ಟು ಮಣ್ಣು ಉಳಿಸಿಕೊಂಡವರು, ಮಕ್ಕಳು ಗಿಡದಿಂದಲೇ ಹಣ್ಣು ಕಿತ್ತು ತಿನ್ನಲಿ ಎಂದು ಆಸೆಪಟ್ಟವರು ಎಲ್ಲರೂ ಅಲ್ಲಿರುತ್ತಾರೆ. ಇವರ ಕಣ್ಣು ಮೊದಲು ಬೀಳುವುದು ಕಪ್ಪು ಪ್ಲಾಸ್ಟಿಕ್ ಚೀಲದಲ್ಲೇ ನಾಲ್ಕು ಸೀಬೆಕಾಯಿ ತೂಗಿಸಿಕೊಂಡ ಗಿಡದ ಮೇಲೆ, ಇಲ್ಲವೇ ಆಳೆತ್ತರ ಬೆಳೆದು ಒಂದೆರಡು ಮಾವಿನಕಾಯಿ ಹೊತ್ತು ನಿಂತ ಗಿಡದ ಮೇಲೆ. ಅದೇ ತಳಿಯ, ಮೊಣಕಾಲುದ್ದದ, ಹೂವೂ ಕಾಯಿಯೂ ಇಲ್ಲದ ಗಿಡ ಪಕ್ಕದಲ್ಲೇ ಕಡಿಮೆ ಬೆಲೆಗೆ ಇದ್ದರೂ ಅದನ್ನು ಯಾರೂ ಮಾತಾಡಿಸುವುದಿಲ್ಲ. ಆದರೆ ಮನೆಗೆ ಹೋಗಬೇಕಾದದ್ದು ಆ ಸಣ್ಣ ಗಿಡವೇ. ಚಿಕ್ಕ ಜಾಗಕ್ಕೆ ಹಣ್ಣಿನ ಗಿಡ ಕೊಳ್ಳುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಮೂರು: ಬೆಳೆದು ನಿಂತಾಗ ಇದಕ್ಕೆ ಎಷ್ಟು ಜಾಗ ಬೇಕು, ಇದರ ತಾಯಿಮರ ಯಾವುದು, ಇದರ ಬೇರು ಹೇಗಿದೆ. ಹಣ್ಣಿನ ಬಣ್ಣ, ಗಾತ್ರ, ಹೆಸರು ಎಲ್ಲವೂ ಆಮೇಲಿನ ಮಾತು.

ಮೊದಲು ಜಾಗದ ಲೆಕ್ಕ. ನಮ್ಮ ಊರುಗಳಲ್ಲಿ ಮಾಮೂಲಿ ನಿವೇಶನವೆಂದರೆ 30x40 ಅಡಿ, ಅಂದರೆ ಸುಮಾರು 111 ಚದರ ಮೀಟರ್. ಮಾವಿನ ತೋಟಗಳಲ್ಲಿ ಹಿಂದಿನಿಂದ ನಡೆದುಬಂದ ಅಂತರ ಗಿಡದಿಂದ ಗಿಡಕ್ಕೆ 10 ಮೀಟರ್. ಒಂದು ಮಾವಿನ ಮರದ ಪಾಲಿಗೆ 100 ಚದರ ಮೀಟರ್ ಬಿಟ್ಟಂತಾಯಿತು. ಮನೆ, ಸಂಪು, ಕಾರು, ತುಳಸಿಕಟ್ಟೆ ಎಲ್ಲ ಸೇರಿದ ಇಡೀ ನಿವೇಶನವೇ ಒಂದು ಮಾವಿನ ಮರಕ್ಕೆ ಸರಿಯಾಗಿ ಸಾಕು. ಸಪೋಟ, ಹಲಸು ಕೂಡ 8ರಿಂದ 10 ಮೀಟರ್ ಬೇಡುವ ಮರಗಳೇ. ಮನೆಯ ಸುತ್ತ ನಾಲ್ಕೈದು ಅಡಿ ಬಿಟ್ಟುಕೊಂಡವರು ಅಷ್ಟರಲ್ಲೇ ಮಾವು, ಹಲಸು, ಸಪೋಟ, ತೆಂಗು ನಾಲ್ಕನ್ನೂ ನೆಟ್ಟು, ಹತ್ತು ವರ್ಷದ ನಂತರ ಗೋಡೆಗೆ ಒರಗಿದ ಕೊಂಬೆ ಕಡಿಸುವುದು, ಪಕ್ಕದ ಮನೆಯವರ ದೂರು ಕೇಳುವುದು, ಕೊನೆಗೆ ಬುಡಕ್ಕೇ ಗರಗಸ ಹಾಕಿಸುವುದು ಬೀದಿಬೀದಿಯಲ್ಲಿ ಕಾಣುವ ಕಥೆ. ಗಿಡ ಕೊಳ್ಳುವ ದಿನ ಅದು ಒಂದೂವರೆ ಅಡಿ ಇರುವುದರಿಂದ ಈ ಲೆಕ್ಕ ಯಾರ ತಲೆಗೂ ಬರುವುದಿಲ್ಲ.

ಹಾಗೆಂದು ಮಾವಿನ ಆಸೆಯನ್ನೇ ಬಿಡಬೇಕಿಲ್ಲ, ತಳಿಯನ್ನು ಬದಲಿಸಿದರೆ ಸಾಕು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ದಶೆಹರಿ ಮತ್ತು ನೀಲಂ ತಳಿಗಳನ್ನು ಕೂಡಿಸಿ ರೂಪಿಸಿದ ಆಮ್ರಪಾಲಿ ಗಿಡ್ಡ ಜಾತಿ. ತೋಟಗಳಲ್ಲಿ ಅದನ್ನು ಎರಡೂವರೆ ಮೀಟರ್ ಅಂತರಕ್ಕೂ ನೆಡುತ್ತಾರೆ. ಹಣ್ಣು ಸಣ್ಣದು, ಆದರೆ ವರ್ಷ ಬಿಟ್ಟು ವರ್ಷ ಎನ್ನದೆ ಪ್ರತಿ ವರ್ಷ ಕಾಯಿ ಕಚ್ಚುತ್ತದೆ. ಇದೂ ತಾನಾಗಿಯೇ ಕುಂಡದ ಗಿಡದಂತೆ ಉಳಿಯುವುದಿಲ್ಲ. ಕೊಯ್ಲು ಮುಗಿದ ಕೂಡಲೇ ರೆಂಬೆ ಸವರಿ ಎತ್ತರವನ್ನು ಹಿಡಿತದಲ್ಲಿಡಬೇಕು. ಸೀಬೆಯ ವಿಷಯದಲ್ಲಿ ಈ ಕೆಲಸ ಇನ್ನೂ ಸಲೀಸು. ಸೀಬೆ ಹೂ ಬಿಡುವುದು ಹೊಸ ಚಿಗುರಿನ ಮೇಲೆ. ಸವರಿದಷ್ಟೂ ಚಿಗುರು, ಚಿಗುರಿದಷ್ಟೂ ಕಾಯಿ. ಲಖನೌದ ಕೇಂದ್ರೀಯ ಉಪೋಷ್ಣ ತೋಟಗಾರಿಕೆ ಸಂಸ್ಥೆಯವರು ಇದೇ ಗುಣ ನಂಬಿ 2x1 ಮೀಟರ್ ಅಂತರದಲ್ಲಿ ಸೀಬೆ ಬೆಳೆದು ತೋರಿಸಿದ್ದಾರೆ. ಸೀತಾಫಲ, ನಿಂಬೆ, ದಾಳಿಂಬೆ, ಅಂಜೂರ ಕೂಡ ಕತ್ತರಿಯ ಮಾತು ಕೇಳುವ ಗಿಡಗಳು. ಚಿಕ್ಕ ಹಿತ್ತಲಿಗೆ ಹೊಂದುವ ಪಟ್ಟಿ ಶುರುವಾಗಬೇಕಾದದ್ದು ಇಲ್ಲಿಂದ.

ಈಗ ಕಾಯಿ ಹೊತ್ತ ಗಿಡದ ವಿಷಯಕ್ಕೆ ಬರೋಣ. ಕಸಿ ಗಿಡದ ಮೇಲುಭಾಗ ಫಸಲು ಕೊಡುವ ಮರದಿಂದ ತಂದ ಕುಡಿ. ಗಿಡ ಎಳೆಯದಾದರೂ ಆ ಕುಡಿಗೆ ಪ್ರಾಯ ಬಂದಿರುತ್ತದೆ. ಹಾಗಾಗಿ ಒಂದಡಿ ಎತ್ತರದಲ್ಲೇ ಹೂ ಬಿಟ್ಟರೆ ಅದು ಗಿಡದ ಶಕ್ತಿಗೆ ಸಾಕ್ಷಿಯಲ್ಲ. ಎಷ್ಟೋ ಸಲ ಸಂಕಟಕ್ಕೇ ಸಾಕ್ಷಿ. ವಿಜಯಪುರ ಕಡೆಯ ನಿಂಬೆ, ದಾಳಿಂಬೆ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು. ನೀರು ನಿಲ್ಲಿಸಿ ಗಿಡವನ್ನು ಬಾಡಿಸಿ, ಆಮೇಲೆ ಗೊಬ್ಬರ ನೀರು ಕೊಟ್ಟು ಒಟ್ಟಿಗೇ ಹೂ ಬರಿಸುವುದನ್ನು ಅವರು ಬಹಾರ್ ಎನ್ನುತ್ತಾರೆ. ಚೀಲದಲ್ಲಿ ವರ್ಷಗಟ್ಟಲೆ ಉಳಿದು, ಬೇರಿಗೆ ಜಾಗ ಸಾಲದೆ, ಬೇಸಿಗೆಯಲ್ಲಿ ನೀರೂ ಸಾಲದೆ ನಿಂತ ಗಿಡಕ್ಕೂ ಸಣ್ಣ ಮಟ್ಟದಲ್ಲಿ ಇದೇ ಆಗುತ್ತದೆ. ಎಲೆ ಹತ್ತಿಪ್ಪತ್ತು ಇರುವ ಗಿಡ ಕಾಯಿ ಸಾಕಲು ಹೊರಟರೆ ಬೇರು ಮತ್ತು ಚಿಗುರಿಗೆ ಹೋಗಬೇಕಾದ ಆಹಾರ ಕಾಯಿಗೆ ಹೋಗುತ್ತದೆ. ಅನುಭವಿ ತೋಟಗಾರರು ನೆಟ್ಟ ಮೊದಲೆರಡು ವರ್ಷ ಬಂದ ಹೂವನ್ನು ಚಿವುಟಿ ಹಾಕುವುದು ಇದೇ ಕಾರಣಕ್ಕೆ. ಅವರು ಚಿವುಟಿ ಎಸೆಯುವುದನ್ನೇ ನಾವು ಹೆಚ್ಚು ಹಣ ಕೊಟ್ಟು ಕೊಳ್ಳುತ್ತಿದ್ದೇವೆ.

ಇದಕ್ಕೆ ಒಂದು ಒಳ್ಳೆಯ ಆಕ್ಷೇಪವಿದೆ. ಕಾಯಿ ಇದ್ದರೆ ಜಾತಿಯಾದರೂ ಖಾತ್ರಿಯಾಗುತ್ತದಲ್ಲ, ಬರೀ ಎಲೆ ನೋಡಿ ಇದು ಮಲ್ಲಿಕಾನೋ ತೋತಾಪುರಿಯೋ ಎಂದು ಸಾಮಾನ್ಯರು ಹೇಗೆ ಹೇಳಬೇಕು? ಮಾತು ನಿಜ. ಎಳೆ ಗಿಡದ ಎಲೆ ನೋಡಿ ತಳಿ ಗುರುತಿಸುವುದು ಪಳಗಿದವರಿಗೂ ಕಷ್ಟ. ಆದರೆ ಚೀಲದ ಗಿಡದಲ್ಲಿ ಬಿಟ್ಟ ಒಂದು ಕಾಯಿ ಆ ತಳಿಯ ಗಾತ್ರವನ್ನಾಗಲಿ ರುಚಿಯನ್ನಾಗಲಿ ಹೇಳುವುದಿಲ್ಲ. ಅದಕ್ಕಿಂತ ಗಟ್ಟಿ ಸಾಕ್ಷಿ ತಾಯಿಮರ. ತಮ್ಮದೇ ತಾಯಿಮರಗಳಿಂದ ಕಸಿ ಕಡ್ಡಿ ತೆಗೆಯುವ ನರ್ಸರಿಯವರು ಅದನ್ನು ತೋರಿಸಲು ಹಿಂಜರಿಯುವುದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳು ಮತ್ತು ರಾಷ್ಟ್ರೀಯ ತೋಟಗಾರಿಕೆ ಮಂಡಳಿಯ ಮಾನ್ಯತೆ ಪಡೆದ ನರ್ಸರಿಗಳನ್ನು ಮೊದಲು ವಿಚಾರಿಸಿ ಎನ್ನುವುದು ಇದಕ್ಕೇ. ಗಿಡದ ಜೊತೆ ತಳಿಯ ಹೆಸರು ಬರೆದ ರಸೀದಿ ಕೇಳಿ ಪಡೆಯಿರಿ. ರುಚಿಯ ಪರೀಕ್ಷೆಗೂ ದಾರಿ ಇದೆ. ಬೇಸಿಗೆಯ ಮಾವು ಮೇಳಗಳಲ್ಲಿ ಬೇರೆ ಬೇರೆ ತಳಿಗಳನ್ನು ಒಂದೊಂದು ಕಿಲೋ ಕೊಂಡು ಮನೆಮಂದಿಯೆಲ್ಲ ತಿಂದು ನೋಡಿ, ಮಳೆಗಾಲದಲ್ಲಿ ಗಿಡ ತರುವುದು.

ತಾಯಿಮರಕ್ಕೆ ಇಷ್ಟು ಮಹತ್ವ ಯಾಕೆ ಎಂದರೆ ಬೀಜದಿಂದ ಹುಟ್ಟಿದ ಗಿಡ ತಾಯಿಯಂತೆ ಇರಬೇಕೆಂಬ ನಿಯಮವಿಲ್ಲ. ಬಾದಾಮಿ ಮಾವಿನ ಓಟೆ ನೆಟ್ಟರೆ ಬಾದಾಮಿಯೇ ಬರುತ್ತದೆ ಎನ್ನಲಾಗದು. ಹಲಸಂತೂ ಪೂರ್ತಿ ಅದೃಷ್ಟದಾಟ. ಬಕ್ಕೆಯ ಬೀಜದಿಂದ ಲೊಳಲೊಳ ಎನ್ನುವ ಅಂಬಲಿ ಹಲಸು ಹುಟ್ಟಬಹುದು, ಅದು ತಿಳಿಯುವಷ್ಟರಲ್ಲಿ ಏಳೆಂಟು ವರ್ಷ ಕಳೆದಿರುತ್ತದೆ. ಈಚೆಗೆ ಕರಾವಳಿಯಲ್ಲಿ ಜನಪ್ರಿಯವಾದ ರಂಬುಟಾನ್ ಬೀಜದ ಗಿಡ ಗಂಡು ಮರವೇ ಆಗಿಬಿಟ್ಟರೆ ಕಾಯಿಯ ಮಾತೇ ಇಲ್ಲ. ಅಪವಾದಗಳೂ ಇವೆ. ನಿಂಬೆಯ ಒಂದು ಬೀಜದಿಂದ ಸಾಮಾನ್ಯವಾಗಿ ಹಲವು ಮೊಳಕೆ ಬರುತ್ತವೆ, ಅವುಗಳಲ್ಲಿ ಹೆಚ್ಚಿನವು ತಾಯಿಯ ಗುಣವನ್ನೇ ಹೊತ್ತಿರುತ್ತವೆ. ಹಾಗಾಗಿ ನಿಂಬೆಗೆ ಬೀಜದ ಗಿಡವೂ ನಡೆದೀತು. ಪರಂಗಿ ಬೀಜದಿಂದಲೇ ಬೆಳೆಯುವ ಬೆಳೆ. ಆದರೆ ನಾಟಿ ಪರಂಗಿಯಲ್ಲಿ ಅರ್ಧಕ್ಕರ್ಧ ಗಂಡಾಗುವ ಭಯವಿದೆ. ಕೊಡಗಿನ ಚೆಟ್ಟಳ್ಳಿ ಕೇಂದ್ರದಿಂದ ಬಂದ ಕೂರ್ಗ್ ಹನಿಡ್ಯೂ, ಹೆಸರಘಟ್ಟದ ಅರ್ಕಾ ಪ್ರಭಾತ್ ತಳಿಗಳಲ್ಲಿ ಶುದ್ಧ ಬೀಜವಾದರೆ ಗಂಡು ಗಿಡ ಬರುವುದಿಲ್ಲ. ಎರಡೇ ಪರಂಗಿ ಗಿಡಕ್ಕೆ ಜಾಗ ಇರುವವರಿಗೆ ಇದು ಸಣ್ಣ ಅನುಕೂಲವಲ್ಲ.

ನಮ್ಮ ಅಜ್ಜಂದಿರು ಯಾವ ಕಸಿ ಕಂಡಿದ್ದರು, ಓಟೆ ಬಿಸಾಡಿದಲ್ಲಿ ಮರ ಎದ್ದು ಮೂರು ತಲೆಮಾರು ಹಣ್ಣು ತಿನ್ನಲಿಲ್ಲವೇ ಎಂದು ಕೇಳುವವರಿದ್ದಾರೆ. ತಿಂದದ್ದು ಹೌದು. ಬೀಜದ ಮರದ ತಾಯಿಬೇರು ಆಳಕ್ಕಿಳಿಯುತ್ತದೆ, ಗಾಳಿಗೂ ಬರಕ್ಕೂ ತಡೆಯುತ್ತದೆ, ಬಹುಕಾಲ ಬಾಳುತ್ತದೆ. ಹೊಸ ತಳಿಗಳು ಸಿಕ್ಕಿದ್ದೂ ಬೀಜದ ಮರಗಳಲ್ಲೇ. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ಹೊಲದಲ್ಲಿದ್ದ ಒಂದು ಹಲಸಿನ ಮರವೇ ಇವತ್ತಿನ ಸಿದ್ದು ತಳಿಯ ಮೂಲ. ಎರಡೂವರೆ ಕಿಲೋ ಆಸುಪಾಸಿನ ಪುಟ್ಟ ಹಣ್ಣು, ತಾಮ್ರಗೆಂಪು ತೊಳೆ. ಮಲೆನಾಡಿನ ಹಳ್ಳದಂಚಿನ ಅಪ್ಪೆಮಿಡಿಗಳೂ ಕಾಡು ಬೀಜದಿಂದ ಎದ್ದವೇ. ಆದರೆ ಅಜ್ಜನ ಕಾಲದಲ್ಲಿ ಹತ್ತು ಮರ ಎದ್ದರೆ ಎರಡು ಸಿಹಿ, ಮೂರು ಉಪ್ಪಿನಕಾಯಿಗೆ, ಮಿಕ್ಕವು ದನಕ್ಕೆ, ಸೌದೆಗೆ ಎಂದು ಹಂಚಿಹೋಗುತ್ತಿದ್ದವು. ಅಷ್ಟು ನೆಲ ಇತ್ತು. ಒಂದೇ ಗುಣಿ ತೋಡಲು ಜಾಗ ಇರುವವರಿಗೆ ಆ ಪ್ರಯೋಗ ದುಬಾರಿ. ಬೀಜದ ಗಿಡ ಹೊಲದ ಬದುವಿಗೆ, ಕೆರೆ ಏರಿಗೆ, ಶಾಲೆಯ ಅಂಗಳಕ್ಕೆ ಹೋಗಲಿ. ನಿವೇಶನಕ್ಕೆ ಕಸಿ ಗಿಡವೇ ಸರಿ.

ಕಸಿ ಗಿಡ ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ತರುವಂತಿಲ್ಲ. ಬಗ್ಗಿ ಬುಡ ನೋಡಬೇಕು. ಮಣ್ಣಿನಿಂದ ಗೇಣುದ್ದದ ಒಳಗೆ ಎಲ್ಲೋ ಕಸಿ ಕಟ್ಟಿದ ಗಂಟು ಕಾಣುತ್ತದೆ. ಗಂಟಿನ ಮೇಲೂ ಕೆಳಗೂ ಕಾಂಡ ಹೆಚ್ಚುಕಡಿಮೆ ಒಂದೇ ದಪ್ಪ ಇರಬೇಕು, ಬೆರಳಿನಿಂದ ಮೆಲ್ಲಗೆ ಬಾಗಿಸಿದರೆ ಬಿರುಕು ಕಾಣಬಾರದು, ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ತೊಗಟೆಯನ್ನು ಕೊರೆದಿರಬಾರದು. ಗಂಟಿನ ಕೆಳಗೆ ಚಿಗುರಿದ್ದರೆ ಅದು ಬೇರುಗಿಡದ್ದು, ಚಿವುಟಿ ಹಾಕಲೇಬೇಕು. ಕಿತ್ತಳೆ ಎಂದು ತಂದ ಗಿಡ ಮೂರು ವರ್ಷದ ನಂತರ ಮುಳ್ಳು ತುಂಬಿಕೊಂಡು ಹುಳಿ ಕಾಯಿ ಬಿಟ್ಟಿತು ಎಂಬ ದೂರಿನ ಹಿಂದೆ ಯಾವಾಗಲೂ ಮೋಸವೇ ಇರುವುದಿಲ್ಲ. ಮೇಲಿನ ಕಿತ್ತಳೆ ಕುಡಿ ಒಣಗಿ, ಕೆಳಗಿನ ಕಾಡು ನಿಂಬೆ ಚಿಗುರಿ ಮರವಾಗಿರುತ್ತದೆ, ಅಷ್ಟೆ. ಆಮೇಲೆ ಚೀಲದ ತಳ ತಿರುಗಿಸಿ ನೋಡಿ. ತೂತುಗಳಿಂದ ದಪ್ಪ ಬೇರು ಹೊರಬಂದಿದ್ದರೆ ಗಿಡ ಚೀಲದಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚು ದಿನ ಇದೆ ಎಂದರ್ಥ. ಒಳಗೆ ಸಿಂಬಿಯಂತೆ ಸುತ್ತಿಕೊಂಡ ಬೇರು ನೆಲಕ್ಕಿಟ್ಟ ಮೇಲೂ ಸುತ್ತುತ್ತಲೇ ಇರುತ್ತದೆ, ಅಂಥ ಗಿಡ ವರ್ಷಗಳಾದರೂ ಎದ್ದೇಳುವುದಿಲ್ಲ. ಆಳೆತ್ತರದ ಗಿಡಗಳಲ್ಲಿ ಈ ದೋಷ ಹೆಚ್ಚು. ಎರಡಡಿ ಒಳಗಿನ ಎಳೆಯ ಕಸಿ ಗಿಡ ಬೇಗ ಬೇರೂರಿ, ಕೆಲವೇ ವರ್ಷಗಳಲ್ಲಿ ದೊಡ್ಡ ಗಿಡವನ್ನು ಹಿಂದೆ ಹಾಕಿದರೆ ಆಶ್ಚರ್ಯವಿಲ್ಲ.

ಹೆಸರಿನ ಮೋಹಕ್ಕೆ ಮದ್ದು ನಮ್ಮ ಹವೆಯ ಲೆಕ್ಕ. ಬಯಲುಸೀಮೆಯ ನರ್ಸರಿಗಳಲ್ಲೂ ಈಗ ಸೇಬಿನ ಗಿಡ ಸಿಗುತ್ತದೆ. ಗುಡ್ಡಗಾಡಿನ ಸಾಮಾನ್ಯ ಸೇಬಿನ ತಳಿಗಳಿಗೆ ಚಳಿಗಾಲದಲ್ಲಿ 7 ಡಿಗ್ರಿಯ ಆಸುಪಾಸು ಅಥವಾ ಅದಕ್ಕೂ ಕಡಿಮೆ ಉಷ್ಣಾಂಶ ನೂರಾರು ಗಂಟೆ ಸಿಗಬೇಕು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಕಡಿಮೆ ಚಳಿ ಸಾಕೆನ್ನುವ ಸೇಬಿನ ತಳಿಗಳು ಇವೆ, ಅಲ್ಲಲ್ಲಿ ಕಾಯಿಯೂ ಬಿಟ್ಟಿವೆ. ಕುತೂಹಲಕ್ಕೆ ಬೆಳೆಯುವವರು ಬೆಳೆಯಲಿ, ಇರುವ ಒಂದೇ ಗುಣಿಯನ್ನು ಅದಕ್ಕೆ ಕೊಡುವುದು ಜಾಣತನವಲ್ಲ. ನಮ್ಮ ನಾಡಿನೊಳಗೂ ಒಂದೇ ಸೂತ್ರ ನಡೆಯುವುದಿಲ್ಲ. ವಿಜಯಪುರದ ಒಣಹವೆ ಒಪ್ಪುವ ದಾಳಿಂಬೆ, ಮಂಗಳೂರಿನ ಮಳೆಯಲ್ಲಿ ರೋಗಕ್ಕೆ ತುತ್ತಾಗುತ್ತದೆ. ಮಂಗಳೂರಿನಲ್ಲಿ ಸೊಂಪಾಗಿ ಬೆಳೆಯುವ ರಂಬುಟಾನ್ ಕಲಬುರಗಿಯ ಬೇಸಿಗೆ ತಾಳದು. ಬೆಂಗಳೂರು, ಮೈಸೂರು, ಹಾಸನ ಕಡೆಯವರಿಗೆ ಸೀಬೆ, ಸೀತಾಫಲ, ನಿಂಬೆ ನಂಬಿಕಸ್ಥ ಗಿಡಗಳು. ಸೀತಾಫಲದಲ್ಲಿ ಬೀಜ ಕಡಿಮೆಯ ಅರ್ಕಾ ಸಹನ್ ತಳಿಯನ್ನು ಹೆಸರಘಟ್ಟದವರೇ ಕೊಟ್ಟಿದ್ದಾರೆ. ನಿಮ್ಮ ಬೀದಿಯಲ್ಲಿ ಯಾವ ಹಣ್ಣಿನ ಗಿಡ ಹೆಚ್ಚು ಆರೈಕೆ ಇಲ್ಲದೆ ತೂಗುತ್ತಿದೆ ಎಂದು ಒಮ್ಮೆ ಸುತ್ತಿ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇಷ್ಟೆಲ್ಲ ಕಾಯುವ ತಾಳ್ಮೆ ಯಾರಿಗಿದೆ ಎನ್ನುವುದು ಕೊನೆಯ ಆಕ್ಷೇಪ. ನಿವೃತ್ತಿಯ ನಂತರ ಗಿಡ ನೆಡುವವರಿಗೆ, ನಾಲ್ಕು ವರ್ಷಕ್ಕೆ ವರ್ಗವಾಗುವವರಿಗೆ ಈ ಪ್ರಶ್ನೆ ಸಹಜ. ಅದಕ್ಕೆ ಪರಿಹಾರ ಬೇಗ ಫಲ ಕೊಡುವ ಜಾತಿಯೇ ಹೊರತು ಕಾಯಿ ಹೊತ್ತ ಮಾವಲ್ಲ. ಪರಂಗಿ, ಬಾಳೆ ವರ್ಷದ ಆಸುಪಾಸಿನಲ್ಲಿ ಫಲ ಕೊಡುತ್ತವೆ. ಕಸಿ ಸೀಬೆ ಎರಡು ಮೂರನೇ ವರ್ಷಕ್ಕೆ ಬುಟ್ಟಿ ತುಂಬಿಸಲು ಶುರು ಮಾಡುತ್ತದೆ. ಮಾವಿನ ಗಿಡ ಬೆಳೆಯುವ ತನಕ ಅದರ ಪಕ್ಕ ಪರಂಗಿ ಇಟ್ಟು, ಮೂರು ವರ್ಷದ ಮೇಲೆ ತೆಗೆದುಬಿಡುವುದು ತೋಟಗಳಲ್ಲಿ ಹಳೆಯ ಪದ್ಧತಿ.

ಆದ್ದರಿಂದ ನರ್ಸರಿಗೆ ಹೊರಡುವ ಮೊದಲು ಟೇಪು ಹಿಡಿದು ಜಾಗ ಅಳೆಯಿರಿ, ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಕಡೆ ಗುರುತು ಮಾಡಿ, ಸಂಪು ಮತ್ತು ಒಳಚರಂಡಿ ಪೈಪಿನಿಂದ ದೂರ ಎರಡಡಿ ಉದ್ದ, ಅಗಲ, ಆಳದ ಗುಣಿ ತೋಡಿಸಿ ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣು ತುಂಬಿಸಿಡಿ. ಗುಣಿ ಸಿದ್ಧವಾದ ಮೇಲಷ್ಟೇ ಗಿಡ ತನ್ನಿ. ಕಸಿ ಗಂಟು ಮಣ್ಣಿನ ಮೇಲೇ ಉಳಿಯುವಂತೆ ನೆಟ್ಟು, ಗೂಟ ಕೊಟ್ಟು ಕಟ್ಟಿ. 30x40ರ ನಿವೇಶನಕ್ಕೆ ಚೆನ್ನಾಗಿ ಸವರಿ ಬೆಳೆಸಿದ ಒಂದು ಸೀಬೆಯೋ ಆಮ್ರಪಾಲಿಯೋ, ಜೊತೆಗೊಂದು ನಿಂಬೆ ಸಾಕು. ಮಿಕ್ಕ ಹಣ್ಣು ಬೆಳೆಯಲು ಶ್ರೀನಿವಾಸಪುರ, ರಾಮನಗರ, ಇಂಡಿಯ ರೈತರಿದ್ದಾರೆ, ಅವರಿಂದ ಕೊಂಡು ತಿನ್ನಿ.