ರಂಜಕ ಹುಡುಕುವ ಬೇರು

ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಲ್ಲಿ ಕೆಂಪು ಮಣ್ಣೂ ಇದೆ, ಕಪ್ಪು ಮಣ್ಣೂ ಇದೆ. ಬೀನ್ಸ್, ಅಲಸಂದೆ, ಅವರೆ, ಹುರುಳಿ ಬೆಳೆಯುವ ರೈತರಿಗೆ ಎರಡು ಮಣ್ಣಿನಲ್ಲೂ ಎದುರಾಗುವ ತೊಡಕು ಒಂದೇ: ರಂಜಕ ಮಣ್ಣಿನಲ್ಲಿದ್ದರೂ ಗಿಡಕ್ಕೆ ಸಿಗುವುದಿಲ್ಲ. ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂಗಳು ಅದನ್ನು ಹಿಡಿದಿಡುತ್ತವೆ. ಸುಣ್ಣದಂಶವಿರುವ ಕಪ್ಪು ಮಣ್ಣಿನಲ್ಲಿ ಕ್ಯಾಲ್ಸಿಯಂ ಹಿಡಿದಿಡುತ್ತದೆ. ಹೊಲಕ್ಕೆ ಹಾಕಿದ ಡಿಎಪಿಯ ರಂಜಕದಲ್ಲೂ ಆ ಬೆಳೆಗೆ ದಕ್ಕುವುದು ಸ್ವಲ್ಪವೇ. ರಂಜಕ ಕಡಿಮೆಯಾದರೆ ಬೇರುಗಂಟುಗಳೂ ಸೊರಗಿ, ಗಾಳಿಯ ಸಾರಜನಕವನ್ನು ಹಿಡಿಯುವ ಕೆಲಸ ಕುಂಠಿತವಾಗುತ್ತದೆ.

ನೈಟ್ರೇಟ್ ನೀರಿನೊಂದಿಗೆ ಹರಿದು ಬೇರಿನ ಬಳಿಗೆ ಬರುತ್ತದೆ. ರಂಜಕ ಹಾಗಲ್ಲ, ಅದಿದ್ದಲ್ಲಿಗೆ ಬೇರೇ ಹೋಗಬೇಕು. ಅದು ಹೆಚ್ಚಾಗಿರುವುದು ಮೇಲ್ಮಣ್ಣಿನಲ್ಲಿ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಜೊನಾಥನ್ ಲಿಂಚ್ ಮತ್ತು ಸಂಗಡಿಗರು ಬೀನ್ಸ್ ಬೇರುಗಳಲ್ಲಿ ಇದನ್ನು ವಿವರವಾಗಿ ಅಭ್ಯಸಿಸಿದ್ದಾರೆ. ಬೀನ್ಸ್ ಮೊಳೆತ ಕೆಲವೇ ದಿನಗಳಲ್ಲಿ ತಾಯಿಬೇರಿನ ಬುಡದಲ್ಲಿ ಸುತ್ತುಸುತ್ತಾಗಿ ಬೇರುಗಳು ಹೊರಡುತ್ತವೆ. ಸುತ್ತಿಗೆ ಸುಮಾರು ನಾಲ್ಕು ಬೇರು. ಕೆಲವು ತಳಿಗಳಲ್ಲಿ ಒಂದೆರಡೇ ಸುತ್ತು, ಕೆಲವದರಲ್ಲಿ ಮೂರು ಅಥವಾ ಹೆಚ್ಚು. ಮೇಲಿನ ಸುತ್ತಿನ ಬೇರುಗಳು ಅಡ್ಡಡ್ಡವಾಗಿ ಹರಡಿ ರಂಜಕ ಹೀರುತ್ತವೆ. ಕೆಳಗಿನ ಸುತ್ತಿನವು ಆಳಕ್ಕಿಳಿದು ನೀರು ಹುಡುಕುತ್ತವೆ. ಉದ್ದನೆಯ ಬೇರುರೋಮಗಳಿದ್ದರೆ ಇನ್ನೂ ಅನುಕೂಲ. ಮಳೆಯನ್ನೇ ನಂಬಿದ ಹೊಲಕ್ಕೆ ಎರಡೂ ಬಗೆಯ ಬೇರು ಬೇಕು, ಏಕೆಂದರೆ ಬರೀ ಮೇಲ್ಮೇಲೆ ಹರಡುವ ಗಿಡ ಮಳೆ ಕೈಕೊಟ್ಟಾಗ ಬಾಡುತ್ತದೆ.

ಈ ಗುಣಗಳು ವಂಶವಾಹಿಗಳಲ್ಲಿವೆ. 2014ರಲ್ಲಿ ಪ್ರಕಟವಾದ ಬೀನ್ಸ್ ಜೀನೋಮ್‌ನಲ್ಲಿ 11 ಜೋಡಿ ವರ್ಣತಂತುಗಳ ಮೇಲೆ ಸುಮಾರು 27,000 ವಂಶವಾಹಿಗಳು ಗುರುತಾಗಿವೆ. ಅದಕ್ಕೆ ಆಯ್ದ ಆಂಡೀಸ್ ಸೀಮೆಯ ಜಿ19833 ತಳಿ ರಂಜಕದ ಕೊರತೆಯನ್ನು ತಾಳಿಕೊಳ್ಳುವಂಥದ್ದು. ಅದನ್ನು ಕೊರತೆ ತಾಳದ ಡಿಒಆರ್ 364 ತಳಿಯೊಡನೆ ಸಂಕರ ಮಾಡಿ ನೋಡಿದಾಗ, ಬೇರಿನ ಓರೆ, ಉದ್ದ, ರೋಮಗಳನ್ನು ನಿರ್ಧರಿಸುವ ಭಾಗಗಳು ಬೇರೆಬೇರೆ ವರ್ಣತಂತುಗಳಲ್ಲಿ ಹಂಚಿಹೋಗಿರುವುದು ಕಂಡಿತು. ರಂಜಕ ಕಡಿಮೆಯಾದಾಗ ಪಿಎಚ್‌ಆರ್1 ಎಂಬ ವಂಶವಾಹಿಯ ಪ್ರೋಟೀನು ಇನ್ನೂ ಅನೇಕ ವಂಶವಾಹಿಗಳನ್ನು ಎಚ್ಚರಿಸುತ್ತದೆ. ಹೀಗಾಗಿ ಒಂದೇ ವಂಶವಾಹಿಯನ್ನು ಬದಲಿಸಿ ಒಳ್ಳೆಯ ಬೇರು ಪಡೆಯುವುದು ಕಷ್ಟ; ತಳಿಗಳನ್ನು ಕೂಡಿಸಿ, ತಾಳ್ಮೆಯಿಂದ ಆರಿಸಬೇಕು.

ಅಲಸಂದೆ, ಅವರೆಗಳ ಬೇರಿನ ವಿನ್ಯಾಸ ಬೇರೆ, ಅವನ್ನು ಪ್ರತ್ಯೇಕವಾಗಿಯೇ ಪರೀಕ್ಷಿಸಬೇಕು. ನಮ್ಮ ತಳಿ ಪರೀಕ್ಷೆಗಳು ಕಾಯಿ, ಕಾಳುಗಳ ಜೊತೆಗೆ ಬೇರನ್ನೂ ಅಳೆಯಲಿ, ಅದೂ ಗೊಬ್ಬರ ಕಡಿಮೆಯಿರುವ ಹೊಲದಲ್ಲಿ. ರೈತರು ಮನೆಯಲ್ಲಿ ಉಳಿಸಿಕೊಂಡ ನಾಟಿ ಬೀಜಗಳೂ ಆ ಪರೀಕ್ಷೆಗೆ ಬರಲಿ. ಆದರೆ ಬೇರು ರಂಜಕವನ್ನು ಹುಡುಕುತ್ತದೆಯೇ ಹೊರತು ಸೃಷ್ಟಿಸುವುದಿಲ್ಲ. ಒಳ್ಳೆಯ ತಳಿ ಬಿತ್ತಿದ ಮೇಲೂ ಮಣ್ಣು ಪರೀಕ್ಷೆ ಮಾಡಿಸಿ, ಬೆಳೆ ಒಯ್ದದ್ದನ್ನು ಕೊಟ್ಟಿಗೆ ಗೊಬ್ಬರವಾಗಿಯಾದರೂ ನೆಲಕ್ಕೆ ಮರಳಿಸಲೇಬೇಕು.